ಬಸಿಗಾಲುವೆಯ ದಂಡೆಗೆ ನೆಕ್ಕರಿಕೆ

ಅಡಿಕೆ ತೋಟದ ಬಸಿಗಾಲುವೆ ಹೊರಗೆ ಬೀಳುವ ಜಾಗ, ಕೆರೆಕೋಡಿಯ ಕೆಳಗಿನ ಜೌಗು, ದರೆಯ (ಕಡಿದಾದ ಮಣ್ಣಿನ ಅಂಚಿನ) ಬುಡದಲ್ಲಿ ಒರತೆ ಜಿನುಗುವ ಮೂಲೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಹೆಚ್ಚಿನ ಜಮೀನುಗಳಲ್ಲಿ ಇಂಥ ಒಂದು ತುಂಡು ನೆಲ ಇದ್ದೇ ಇರುತ್ತದೆ. ಅಡಿಕೆಗೂ ಆಗದು, ಬಾಳೆಗೂ ಆಗದು. ವರ್ಷಕ್ಕೆ ಒಂದೆರಡು ಸಲ ಕಳೆ ಕೊಚ್ಚಿಸುವುದಷ್ಟೇ ಅದಕ್ಕೆ ಸಿಗುವ ಆರೈಕೆ. ಅಂಥ ನೆಲಕ್ಕೆ ನಾವು ನೆಕ್ಕರಿಕೆ ಎಂಬ ಕಾಡುಪೊದೆಯನ್ನು ಕೂರಿಸುತ್ತ ಬಂದಿದ್ದೇವೆ. ಹಣ್ಣಿನಿಂದ ಬೀಜ ತೆಗೆಯುವಲ್ಲಿಂದ ಹೂವಿಗೆ ದುಂಬಿ ಬರುವವರೆಗೆ ಏನೇನು ಮಾಡಬೇಕು, ಗಿಡ ಎಲ್ಲಿ ಕೈಕೊಡುತ್ತದೆ, ಏಕೆ ಕೈಕೊಡುತ್ತದೆ ಎಂಬುದನ್ನು ಕೆಲಸ ಸಾಗುವ ಕ್ರಮದಲ್ಲೇ ಬರೆಯುತ್ತಿದ್ದೇವೆ.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ತೋಟದ ಗಿಡಕ್ಕೆ ನಾವು ಪ್ರೀತಿಯಿಂದ ಕೊಡುವ ಸುಣ್ಣ, ಬೂದಿ, ಕೋಳಿಗೊಬ್ಬರ ಎಲ್ಲವೂ ಈ ಗಿಡಕ್ಕೆ ವಿಷ. ನೆಕ್ಕರಿಕೆ ಸತ್ತಿತು ಎಂದು ಹೇಳುವವರ ಜಾಗಕ್ಕೆ ಹೋಗಿ ನೋಡಿದರೆ ಹತ್ತಿರದಲ್ಲಿ ಎಲ್ಲೋ ಸುಣ್ಣ ಇರುತ್ತದೆ.

ನೆಕ್ಕರಿಕೆ, ನೆಕ್ಕರಕ, ನೆಕ್ಕರೆ ಎಂದು ಊರಿಂದೂರಿಗೆ ಕರೆಯುವ ರೀತಿ ಬೇರೆ. ಸಸ್ಯಶಾಸ್ತ್ರದಲ್ಲಿ ಮೆಲಾಸ್ಟೊಮಾ ಮಲಬಾಥ್ರಿಕಮ್. ಲಿನೇಯಸ್ 1753ರಲ್ಲಿ ಇಟ್ಟ ಹೆಸರು ಅದು. ಆಳೆತ್ತರಕ್ಕೆ ಅಥವಾ ಅದಕ್ಕಿಂತ ತುಸು ಮೇಲೆ ಬೆಳೆಯುವ ಪೊದೆ. ಎಳೆ ಕಾಂಡ ಚೌಕವಾಗಿರುತ್ತದೆ, ಮೈತುಂಬ ಕಂದುಗೆಂಪು ಹುರುಪೆ. ಎಲೆ ಒರಟು, ಬುಡದಿಂದ ತುದಿಯವರೆಗೆ ಮೂರೋ ಐದೋ ನರಗಳು ಉದ್ದುದ್ದಕ್ಕೆ ಹರಿದಿರುತ್ತವೆ. ಎಲೆ ತಿರುಗಿಸಿ ಈ ನರ ನೋಡಿಬಿಟ್ಟರೆ ಹೂವಿಲ್ಲದ ಕಾಲದಲ್ಲೂ ಗುರುತು ತಪ್ಪುವುದಿಲ್ಲ. ಆದರೆ ಇದೇ ಕುಟುಂಬದ ಆಸ್ಬೆಕಿಯಾ ಗಿಡಗಳೂ ನಮ್ಮ ಬ್ಯಾಣಗಳಲ್ಲಿ (ಹುಲ್ಲುಗಾವಲುಗಳಲ್ಲಿ), ಕಲ್ಲುಹಾಸಿನ ಮೇಲೆ ಬೆಳೆಯುತ್ತವೆ. ಹೂವಿನ ಬಣ್ಣವೂ ಹೆಚ್ಚುಕಡಿಮೆ ಒಂದೇ. ಅನುಮಾನ ಬಂದರೆ ಕೇಸರ ನೋಡಿ. ಆಸ್ಬೆಕಿಯಾದ ಕೇಸರಗಳೆಲ್ಲ ಸುಮಾರು ಒಂದೇ ತರಹ. ನೆಕ್ಕರಿಕೆಯಲ್ಲಿ ಹತ್ತು ಕೇಸರ: ಐದು ಗಿಡ್ಡ, ಅರಿಶಿನ ಬಣ್ಣದವು, ಐದು ಉದ್ದ, ನೇರಳೆ ಬಣ್ಣದವು, ಮೊಣಕೈ ಮಡಿಸಿದಂತೆ ಬಾಗಿರುತ್ತವೆ. ನರ್ಸರಿಗಳಲ್ಲಿ ಕಡುನೇರಳೆ ಹೂವಿನ ಟಿಬೂಚಿನಾ ಸಿಗುತ್ತದೆ. ನೋಡಲು ನೆಕ್ಕರಿಕೆಯ ಅಕ್ಕನಂತೆ ಕಂಡರೂ ಅದು ಬ್ರೆಜಿಲ್ ಮೂಲದ್ದು. ದುಡ್ಡು ಕೊಟ್ಟು ಅದನ್ನು ತಂದು ಹಳ್ಳದ ಬದಿಗೆ ನೆಡಬೇಡಿ. ನೆಕ್ಕರಿಕೆ ನಮ್ಮ ಮಣ್ಣಿನದೇ, ಬಿಟ್ಟಿಯಾಗಿಯೂ ಸಿಗುತ್ತದೆ.

ಕಾಡಿನ ದೊಡ್ಡ ಗಿಡ ಅಗೆದು ತರುವ ಯೋಚನೆಯನ್ನೂ ಬಿಡಿ. ಅದರ ಬೇರು ಮೇಲ್ಪದರದಲ್ಲಿ ಅಗಲಕ್ಕೆ ಹರಡಿರುತ್ತದೆ. ಎಷ್ಟೇ ದೊಡ್ಡ ಮಣ್ಣಿನ ಹೆಂಟೆ ಸಮೇತ ಎತ್ತಿದರೂ ತುದಿಬೇರೆಲ್ಲ ಹರಿದು ಹೋಗಿ, ಒಂದೆರಡು ವಾರ ಹಸಿರಾಗಿದ್ದ ಹಾಗೆ ಮಾಡಿ ತುದಿಯಿಂದ ಒಣಗುತ್ತ ಬರುತ್ತದೆ. ಬೀಜ ಇಲ್ಲವೇ ಕಡ್ಡಿ, ಇವೆರಡೇ ದಾರಿ. ಎರಡನ್ನೂ ನಿಮ್ಮದೇ ಬೆಟ್ಟದಿಂದ, ಸಾಧ್ಯವಾದರೆ ನಿಮ್ಮದೇ ಹಳ್ಳದ ಬದಿಯಿಂದ ತೆಗೆದುಕೊಳ್ಳಿ. ಒಂದೇ ಗಿಡದ ಬೀಜದಿಂದ ಇಡೀ ದಂಡೆ ತುಂಬಿಸುವ ಬದಲು ದೂರದೂರದ ನಾಲ್ಕೈದು ಗಿಡಗಳಿಂದ ಸೇರಿಸಿದರೆ ಒಳ್ಳೆಯದು.

ತೇವ ಆರದ ಜಾಗದಲ್ಲಿ ನೆಕ್ಕರಿಕೆ ವರ್ಷದ ಬಹುಪಾಲು ತಿಂಗಳು ಅಷ್ಟೋ ಇಷ್ಟೋ ಹೂ ಬಿಡುತ್ತಲೇ ಇರುತ್ತದೆ. ಬೀಜಕ್ಕೆ ಮಾತ್ರ ಮಳೆ ಹಿಂದೆ ಸರಿದ ಮೇಲಿನ ಹಣ್ಣು ಚೆನ್ನ. ಆಷಾಢದ ಮಳೆಯಲ್ಲಿ ಹೂವು ತೊಯ್ದು ದುಂಬಿಯೂ ಹೊರಡದೆ ಕಾಯಿ ಕಡಿಮೆ, ಕಟ್ಟಿದ್ದರಲ್ಲೂ ಕೊಳೆತದ್ದು ಜಾಸ್ತಿ. ಬಲಿತ ಕಾಯಿ ಚಿಕ್ಕ ಬಟ್ಟಲಿನ ಆಕಾರ, ಹೊರಗೆಲ್ಲ ಹುರುಪೆ. ಹಣ್ಣಾದಾಗ ತಾನೇ ಅಡ್ಡಾದಿಡ್ಡಿ ಸೀಳಿಕೊಂಡು ಒಳಗಿನ ಕಪ್ಪುನೇರಳೆ ತಿರುಳು ಕಾಣಿಸುತ್ತದೆ. ಹಾಗೆ ತಾನಾಗಿ ಒಡೆದ ಹಣ್ಣನ್ನೇ ಆರಿಸಬೇಕು. ಒತ್ತಿ ಒಡೆದ ಕಾಯಿಯ ಬೀಜ ಬಿಳಿಚಿಕೊಂಡಿರುತ್ತದೆ, ಮೊಳೆಯುವುದಿಲ್ಲ. ಒಡೆದ ದಿನವೇ ಹೋಗಿ, ಬೆಳಿಗ್ಗೆ ಬೇಗ ಹೋಗಿ. ತಡಮಾಡಿದರೆ ಪಿಕಳಾರ, ಹೂಕುಟುಕಗಳು ತಿರುಳೆಲ್ಲ ತಿಂದು ಬಟ್ಟಲು ಖಾಲಿ ಮಾಡಿರುತ್ತವೆ. ಹತ್ತು ಹದಿನೈದು ಹಣ್ಣು ಬೇಕಾದಷ್ಟಾಯಿತು. ಒಂದೊಂದರಲ್ಲೂ ನೂರಾರು ಬೀಜ.

ತಿರುಳನ್ನು ಪೂರ್ತಿ ತೊಳೆಯುವುದು ಈ ಹಂತದ ಮುಖ್ಯ ಕೆಲಸ. ಸಕ್ಕರೆಯ ಅಂಶ ಉಳಿದರೆ ಎರಡೇ ದಿನದಲ್ಲಿ ಬೂಷ್ಟು ಬರುತ್ತದೆ, ಇಲ್ಲವೇ ಇರುವೆ ಬಂದು ಬೀಜವನ್ನೇ ಹೊತ್ತುಕೊಂಡು ಹೋಗುತ್ತದೆ. ಹಣ್ಣನ್ನು ಒಂದು ತಂಬಿಗೆ ನೀರಿಗೆ ಹಾಕಿ ಬೆರಳಿನಿಂದ ಚೆನ್ನಾಗಿ ಹಿಸುಕಿ, ಐದು ನಿಮಿಷ ಬಿಡಿ. ತಿರುಳಿನ ಚೂರು, ಜೊಳ್ಳು ಬೀಜ ತೇಲುತ್ತವೆ. ಗಟ್ಟಿ ಬೀಜ ತಳ ಸೇರುತ್ತದೆ. ಮೇಲಿನ ನೀರನ್ನು ಮೆಲ್ಲಗೆ ಬಗ್ಗಿಸಿ ಚೆಲ್ಲಿ, ಹೊಸ ನೀರು ಹಾಕಿ. ನೀರು ತಿಳಿಯಾಗುವವರೆಗೆ ಹೀಗೇ. ಚಹಾ ಸೋಸುವ ಜರಡಿ ಬಳಸಬೇಡಿ, ಬೀಜ ಅದರ ಕಣ್ಣಿನಲ್ಲೇ ಇಳಿದು ಹೋಗುತ್ತದೆ. ಹಳೆಯ ತೆಳು ಪಂಚೆಯ ತುಂಡು ಸಾಕು. ಕೈಗೆ ಹತ್ತಿದ ನೇರಳೆ ಕಲೆ ಎರಡು ದಿನ ಬಿಡುವುದಿಲ್ಲ, ಬಟ್ಟೆಗೆ ಹತ್ತಿದರೆ ಹೋಗುವುದೇ ಇಲ್ಲ. ಬೀಜವನ್ನು ನೆರಳಲ್ಲಿ ಕಾಗದದ ಮೇಲೆ ಒಂದೆರಡು ದಿನ ಆರಿಸಿ. ಭೂತಗನ್ನಡಿಯಲ್ಲಿ ನೋಡಿದರೆ ಪ್ರತಿ ಬೀಜವೂ ಸುರುಳಿ ಸುತ್ತಿಕೊಂಡಿರುತ್ತದೆ, ಮೈಮೇಲೆ ಸಣ್ಣ ಸಣ್ಣ ಗುಳ್ಳೆ. ಒಂದು ಮಿಲಿಮೀಟರಿಗೂ ಕಡಿಮೆ ಗಾತ್ರ. ಇಟ್ಟು ಹಳೆಯದು ಮಾಡದೆ ಆಗಲೇ ಬಿತ್ತುವುದು ಒಳ್ಳೆಯದು.

ಬಿತ್ತುವ ಮಣ್ಣಿಗೆ ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಹೊಳೆಮರಳು, ಒಂದು ಪಾಲು ಕಳಿತ ದರಕಿನ (ಉದುರಿದ ಒಣ ಎಲೆಯ) ಪುಡಿ. ಮೂರನ್ನೂ ಜರಡಿ ಹಿಡಿದು ಬೆರೆಸಿ. ಮರಳಿನ ವಿಷಯದಲ್ಲಿ ಕರಾವಳಿಯವರು ವಿಶೇಷ ಎಚ್ಚರ ವಹಿಸಬೇಕು. ಕಾರವಾರ, ಅಂಕೋಲಾ, ಕುಮಟೆಯ ಕಡೆ ಅಳಿವೆಯ ಮರಳಿನಲ್ಲಿ ಚಿಪ್ಪಿನ ಚೂರು ಬೆರೆತಿರುತ್ತದೆ, ಚಿಪ್ಪು ಎಂದರೆ ಸುಣ್ಣವೇ. ಒಂದು ಚಮಚ ಒಣ ಮರಳನ್ನು ಗಾಜಿನ ಲೋಟಕ್ಕೆ ಹಾಕಿ ಅರ್ಧ ಲಿಂಬೆಹಣ್ಣು ಹಿಂಡಿ ಬೆಳಕಿಗೆ ಹಿಡಿಯಿರಿ. ಸಣ್ಣ ಗುಳ್ಳೆ ಏಳುತ್ತಿದ್ದರೆ ಆ ಮರಳು ಈ ಕೆಲಸಕ್ಕೆ ಬೇಡ. ತೆಂಗಿನ ನಾರಿನ ಪುಡಿ ಬಳಸುವುದಾದರೆ ಉಪ್ಪಿನ ಅಂಶ ಹೋಗುವ ಹಾಗೆ ಮೂರು ನಾಲ್ಕು ನೀರಿನಲ್ಲಿ ತೊಳೆದುಕೊಳ್ಳಿ. ಬೆರೆಸಿದ ಮಣ್ಣನ್ನು ಟ್ರೇಗೆ ತುಂಬಿ ಮೇಲಿಂದ ಕುದಿಯುವ ನೀರು ಸುರಿದು ತಣಿಯಲು ಬಿಡಿ. ಕಳೆಬೀಜ, ಪಾಚಿ, ಇರುವೆ ಮೊಟ್ಟೆ ಅಷ್ಟರಮಟ್ಟಿಗೆ ಸಾಯುತ್ತವೆ. ಅಡಿಕೆ ಹಾಳೆ ಮಡಿಸಿ ಟ್ರೇ ಮಾಡುವವರಿದ್ದಾರೆ, ಬೇರೆ ಸಸಿಗೆ ಅದು ಸರಿ. ನೆಕ್ಕರಿಕೆಯ ಟ್ರೇ ತಿಂಗಳುಗಟ್ಟಲೆ ಒದ್ದೆಯಾಗಿಯೇ ಇರುವುದರಿಂದ ಹಾಳೆ ಕೊಳೆತು ಬೂಷ್ಟು ಹತ್ತಿಸುತ್ತದೆ. ತೂತಿರುವ ಪ್ಲಾಸ್ಟಿಕ್ ಟ್ರೇಯೇ ವಾಸಿ.

ಚಿಟಿಕೆ ಬೀಜಕ್ಕೆ ಎರಡು ಚಮಚ ಒಣ ನುಣ್ಣನೆ ಮರಳು ಬೆರೆಸಿ ಮೇಲ್ಮೈಗೆ ಉದುರಿಸಿ, ಅಂಗೈಯಿಂದ ಹಗುರಕ್ಕೆ ಒತ್ತಿ. ಮೇಲೆ ಮಣ್ಣು ಹಾಕಲೇಬಾರದು. ಈ ಬೀಜ ಮೊಳೆಯಲು ಬೆಳಕು ಬೇಕು. ಅರ್ಧ ಸೆಂಟಿಮೀಟರ್ ಮಣ್ಣು ಮುಚ್ಚಿದರೂ ಸುಮ್ಮನೆ ಮಲಗಿಬಿಡುತ್ತದೆ. ನೀರನ್ನು ಮೇಲಿಂದ ಚಿಮುಕಿಸಿದರೆ ಬೀಜವೆಲ್ಲ ಕೊಚ್ಚಿ ಒಂದು ಮೂಲೆಗೆ ಸೇರುತ್ತದೆ. ಅಗಲ ಬೋಗುಣಿಯಲ್ಲಿ ಒಂದಿಂಚು ನೀರು ನಿಲ್ಲಿಸಿ ಟ್ರೇಯನ್ನು ಅದರೊಳಗಿಟ್ಟರೆ ಮಣ್ಣು ಬುಡದಿಂದಲೇ ನೀರು ಎಳೆದುಕೊಳ್ಳುತ್ತದೆ. ಮೇಲೊಂದು ಗಾಜಿನ ಹಲಗೆ ಅಥವಾ ಬೆಳಕು ತೂರುವ ಪ್ಲಾಸ್ಟಿಕ್ ಹಾಳೆ ಹೊದಿಸಿ, ಬೆಳಕು ಚೆನ್ನಾಗಿದ್ದು ಬಿಸಿಲು ನೇರ ಬೀಳದ ಕಡೆ ಇಡಿ. ಮಳೆನೀರು ಅಥವಾ ಹಳ್ಳದ ನೀರಾದರೆ ಸರಿ. ನಳದ ನೀರಾದರೆ ಹಿಂದಿನ ರಾತ್ರಿಯೇ ಬಕೆಟಿನಲ್ಲಿ ತೆರೆದಿಡಿ, ಬ್ಲೀಚಿಂಗ್ ವಾಸನೆ ಹೋಗುತ್ತದೆ.

ಎರಡರಿಂದ ನಾಲ್ಕು ವಾರದೊಳಗೆ ಮೇಲ್ಮೈ ಮೇಲೆ ಹಸಿರು ಚುಕ್ಕಿ ಕಾಣಿಸುತ್ತವೆ. ಪಾಚಿಯೋ ಸಸಿಯೋ ತಿಳಿಯದೆ ಬಹಳ ಜನ ಇಲ್ಲೇ ಟ್ರೇ ಎಸೆಯುತ್ತಾರೆ. ಬಗ್ಗಿ ನೋಡಿ: ಸಸಿಯಾದರೆ ಎದುರು ಬದುರು ಎರಡು ಎಲೆ ಸ್ಪಷ್ಟವಾಗಿರುತ್ತದೆ. ಮುಂದಿನ ತಿಂಗಳು ಎರಡು ತಿಂಗಳು ಅದು ಬೆಳೆಯುತ್ತಿದೆ ಎಂದೇ ಅನಿಸುವುದಿಲ್ಲ, ಬೇರು ಬಿಡುವುದರಲ್ಲೇ ಇರುತ್ತದೆ. ಈ ಹೊತ್ತಿಗೆ ಗೊಬ್ಬರ ಹಾಕಿ ಮುಂದೆ ತಳ್ಳಲು ಹೋಗಬಾರದು, ಗೊಬ್ಬರ ಉಂಡು ಮೇಲೇಳುವುದು ಪಾಚಿ. ಹೊದಿಕೆಯನ್ನು ದಿನಕ್ಕೆ ಸ್ವಲ್ಪ ಸ್ವಲ್ಪ ಸರಿಸುತ್ತ ಒಂದು ವಾರದಲ್ಲಿ ಪೂರ್ತಿ ತೆಗೆಯಿರಿ. ಮುಚ್ಚಿಯೇ ಇಟ್ಟರೆ ಕತ್ತಿನಲ್ಲಿ ಕೊಳೆತು ಸಾಲುಸಾಲಾಗಿ ಮಲಗುತ್ತವೆ. ಬಸವನಹುಳು ಒಂದು ಒಳಗೆ ಬಂದರೂ ಒಂದೇ ರಾತ್ರಿಯಲ್ಲಿ ಟ್ರೇ ಬೋಳು. ಬೋಗುಣಿಯ ನೀರು ಅದಕ್ಕೆ ತಡೆಯಾಗುತ್ತದೆ, ಟ್ರೇಗೆ ಹೊರಗಿನ ಯಾವ ಎಲೆಯೂ ತಾಗದ ಹಾಗೆ ನೋಡಿಕೊಳ್ಳಿ.

ನಾಲ್ಕಾರು ಎಲೆ ಆದಮೇಲೆ ಚಮಚದ ಹಿಡಿಯಿಂದ ಎಬ್ಬಿಸಿ, ಎಲೆ ಹಿಡಿದು ಎತ್ತಿ, ಕಾಂಡ ಮುಟ್ಟದೆ ನಾಲ್ಕಿಂಚು ಆರಿಂಚಿನ ತೊಟ್ಟೆಗೆ (ಪ್ಲಾಸ್ಟಿಕ್ ಚೀಲಕ್ಕೆ) ದಾಟಿಸಿ. ತೊಟ್ಟೆಗೂ ಅದೇ ಮಣ್ಣು, ಅದೇ ಪಾಲು. ಮಳೆ ಹಿಂದೆ ಸರಿದ ಮೇಲೆ ಬಿತ್ತಿದ ಸಸಿ ಮೊದಲ ಮಳೆಗಾಲಕ್ಕೆ ನೆಲಕ್ಕಿಳಿಸುವ ಗಾತ್ರಕ್ಕೆ ಬರುವುದಿಲ್ಲ. ಆ ಮಳೆಗಾಲವನ್ನು ತೊಟ್ಟೆಯಲ್ಲೇ, ಹನಿ ನೇರ ಹೊಡೆಯದ ಮಾಡಿನ ಅಂಚಿಗೆ ಕಳೆಯಲಿ. ಮರುವರ್ಷದ ಮಳೆಗೆ ಒಂದಡಿ ಗಿಡ ಸಿದ್ಧ.

ಅಷ್ಟು ಕಾಯುವ ವ್ಯವಧಾನ ಇಲ್ಲದವರಿಗೆ ಕಡ್ಡಿ. ಮಳೆ ಹಿಡಿದ ಮೇಲೆ, ಅರೆಬಲಿತ ಕವಲಿನಿಂದ ನಾಲ್ಕೈದು ಇಂಚು, ಎರಡು ಮೂರು ಗೆಣ್ಣು ಇರುವ ತುಂಡು. ತುದಿಯಲ್ಲಿ ಮೊಗ್ಗಿದ್ದರೆ ಆ ಕಡ್ಡಿ ಬೇಡ, ಬೇರಿಗೆ ಹೋಗಬೇಕಾದ ಶಕ್ತಿ ಮೊಗ್ಗಿಗೆ ಹೋಗುತ್ತದೆ. ಕೆಳಗಿನ ಎಲೆ ತೆಗೆದು ಮೇಲಿನ ಜೋಡಿಯನ್ನು ಅರ್ಧಕ್ಕೆ ಕತ್ತರಿಸಿ, ಗೆಣ್ಣಿನ ಸರೀ ಕೆಳಗೆ ಹರಿತ ಬ್ಲೇಡಿನಿಂದ ಕೊಯ್ದು ದಪ್ಪ ಮರಳಿಗೆ ಚುಚ್ಚಿ. ತಳ ಕತ್ತರಿಸಿದ ನೀರಿನ ಬಾಟಲಿ ಮೇಲೆ ಬೋರಲು ಹಾಕಿ. ಐದರಿಂದ ಏಳು ವಾರಕ್ಕೆ ಬೇರು. ಎಲ್ಲ ಕಡ್ಡಿಯೂ ಹತ್ತುವುದಿಲ್ಲ, ಬೇಕಾದ ಎರಡರಷ್ಟು ಹಾಕಿ. ನಡುವೆ ಎಳೆದು ನೋಡಿದರೆ ಆಗಷ್ಟೇ ಹೊರಟ ಬೇರು ಮುರಿಯುತ್ತದೆ.

ಇನ್ನು ನೆಲದ ಮಾತು. ನೆಕ್ಕರಿಕೆಗೆ ಬೇಕಾದದ್ದು ತೇವ, ಬಿಸಿಲು, ಹುಳಿ ಮಣ್ಣು. ದಿನಕ್ಕೆ ಐದಾರು ತಾಸಿನ ಬಿಸಿಲು ಇಲ್ಲದಿದ್ದರೆ ಗಿಡ ನೀಳವಾಗಿ ಬಾಗುತ್ತದೆ, ಹೂವು ನಾಲ್ಕೇ ನಾಲ್ಕು. ಕಾನಿನ ಒಳಗಿನ ಕತ್ತಲೆ ಜೌಗಿಗೆ ಇದು ಸೇರಿದ್ದಲ್ಲ. ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಲ್ಲಿರುವಂಥ ರಾಂಪತ್ರೆ ಜಡ್ಡಿಯ (ರಾಂಪತ್ರೆ ಮರಗಳ ಜೌಗುಕಾಡಿನ) ಒಳಗೆ ಯಾರೂ ಏನನ್ನೂ ನೆಡುವ ಅಗತ್ಯವಿಲ್ಲ, ಅದನ್ನು ಅದರ ಪಾಡಿಗೆ ಬಿಡಬೇಕು. ನಾವು ಹೇಳುತ್ತಿರುವುದು ತೆರೆದ ಜಾಗ. ಬುಡದಲ್ಲಿ ನೀರು ಹರಿದಾಡಬಹುದು, ಮಳೆಯಲ್ಲಿ ಒಂದೆರಡು ದಿನ ಮುಳುಗಬಹುದು. ತಿಂಗಳುಗಟ್ಟಲೆ ಕೊಳೆತ ನೀರು ಕತ್ತಿನ ಮೇಲೆ ನಿಂತರೆ ಮಾತ್ರ ಬೇರು ಉಸಿರುಗಟ್ಟುತ್ತದೆ. ಅದಕ್ಕೇ ಕಾಲುವೆ ದಂಡೆಯಲ್ಲಿ, ಮಳೆಗಾಲದ ನೀರಿನ ಮಟ್ಟದಿಂದ ಒಂದಡಿ ಮೇಲೆ ಒಂದು ಮೆಟ್ಟಿಲು ಕಡಿದು ಅಲ್ಲಿ ನೆಡುತ್ತೇವೆ. ಬೇರು ತಾನೇ ಕೆಳಗಿನ ತೇವ ಹುಡುಕಿಕೊಳ್ಳುತ್ತದೆ. ದಂಡೆ ಕುಸಿಯುವುದೂ ಕಡಿಮೆಯಾಗುತ್ತದೆ.

ಮಣ್ಣಿನ ಹುಳಿ ನೋಡಲು ಶಾಲೆಯ ಪ್ರಯೋಗಾಲಯಕ್ಕೆ ಸಾಮಾನು ಮಾರುವ ಅಂಗಡಿಯ ಪಿಎಚ್ ಕಾಗದ ಸಾಕು. ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ಮಳೆನೀರು ಬೆರೆಸಿ, ಅರ್ಧ ತಾಸು ಬಿಟ್ಟು, ಮೇಲಿನ ತಿಳಿಯಲ್ಲಿ ಅದ್ದಿ. 4.5ರಿಂದ 5.5ರ ನಡುವೆ ಬಂದರೆ ಕಣ್ಣು ಮುಚ್ಚಿ ನೆಡಿ. 6ರ ಮೇಲಿದ್ದರೆ ಜಾಗ ಬದಲಿಸಿ.

ಏಕೆ ಹೀಗೆ? ಮಳೆ ಜೋರಾಗಿ ಹೊಯ್ಯುವ ನಮ್ಮ ಜಂಬಿಟ್ಟಿಗೆ ನೆಲದಲ್ಲಿ ಸುಣ್ಣದ ಅಂಶ ತೊಳೆದು ಹೋಗಿ ಅಲ್ಯೂಮಿನಿಯಂ ಕರಗಿ ಮೇಲೆ ಬರುತ್ತದೆ. ಬಹುಪಾಲು ಬೆಳೆಗಳ ಬೇರು ಅದರಿಂದ ಮೊಂಡಾಗುತ್ತದೆ. ಅಡಿಕೆ ತೋಟಕ್ಕೆ ಸುಣ್ಣ ಹಾಕುವುದೇ ಆ ಹುಳಿ ಮುರಿಯಲು. ನೆಕ್ಕರಿಕೆಯದು ತಿರುವುಮುರುವು. ಅದು ಅಲ್ಯೂಮಿನಿಯಂ ಹೀರಿ ಎಲೆಯಲ್ಲಿ ಕೂಡಿಡುತ್ತದೆ, ಅದು ಸಿಕ್ಕರೆ ಇನ್ನೂ ಹುಲುಸಾಗಿ ಬೆಳೆಯುತ್ತದೆ. ಸುಣ್ಣ ಬಿದ್ದ ಕೂಡಲೇ ಅಲ್ಯೂಮಿನಿಯಮ್ಮೂ ಕಬ್ಬಿಣವೂ ಕರಗದ ರೂಪಕ್ಕೆ ಹೋಗುತ್ತವೆ. ಮೊದಲು ತುದಿಯ ಎಳೆ ಎಲೆ ಹಳದಿಯಾಗುತ್ತದೆ, ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಇದು ಗೊಬ್ಬರದ ಕೊರತೆ ಎಂದುಕೊಂಡು ಇನ್ನಷ್ಟು ಗೊಬ್ಬರ ಹಾಕುವುದು ಎಲ್ಲ ಕಡೆ ನಡೆಯುವ ತಪ್ಪು. ಹಾಕುವ ಗೊಬ್ಬರ ಕೋಳಿಯದ್ದೋ ರಾಕ್ ಫಾಸ್ಫೇಟೋ ಆಗಿದ್ದರೆ ಅದರಲ್ಲೂ ಸುಣ್ಣವೇ ಇರುವುದರಿಂದ ಗಿಡ ಮುಗಿದ ಹಾಗೆ.

ಸುಣ್ಣ ಬರುವ ದಾರಿಗಳನ್ನು ಒಂದೊಂದಾಗಿ ಹುಡುಕಿ ತಪ್ಪಿಸಬೇಕು. ಬಚ್ಚಲೊಲೆಯ ಬೂದಿ ಸುರಿಯುವ ಜಾಗದ ಕೆಳಗೆ ನೆಡಬೇಡಿ. ಹೊಸ ಸಿಮೆಂಟ್ ತೊಟ್ಟಿಯಿಂದ ಹೊರಬೀಳುವ ನೀರು ಬಹಳ ದಿನ ಸುಣ್ಣ ಬಿಡುತ್ತಲೇ ಇರುತ್ತದೆ. ಎಲ್ಲಕ್ಕಿಂತ ದೊಡ್ಡದು ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಕೊಳೆಮದ್ದು. ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು: ಮಳೆ ಶುರುವಾಗುವ ಮುಂಚೆ ಒಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಮತ್ತೊಮ್ಮೆ ಹೊಡೆಯುವ ಈ ಮದ್ದು ಅಡಿಕೆ ಗೊನೆಯಿಂದ ತೊಟ್ಟಿಕ್ಕಿ ಕೆಳಗೆ ಬೀಳುತ್ತದೆ. ಕೊಳೆಗೆ ಮದ್ದು ಬೇಡ ಎಂದು ನಾವು ಹೇಳುತ್ತಿಲ್ಲ, ಅಡಿಕೆ ಉಳಿಯಬೇಕು. ನೆಕ್ಕರಿಕೆಯ ಸಾಲು ಅಡಿಕೆ ಮರದ ಗರಿ ಚಾಚುವ ಆಚೆಗಿರಲಿ, ಕೊನೆಯ ಮರದಿಂದ ಹದಿನೈದು ಅಡಿಯಾದರೂ ದೂರ. ಮದ್ದು ಕಲಸುವ ಡ್ರಮ್ ತೊಳೆದ ನೀರನ್ನು ಬಸಿಗಾಲುವೆಗೆ ಚೆಲ್ಲದಂತೆ ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡರಿಗೆ ಮೊದಲೇ ಹೇಳಿಡಿ. ಕಾಲುವೆಗೆ ತಾಮ್ರ ಸೇರಿದರೆ ಗಿಡದ ಬೇರಿಗಷ್ಟೇ ಅಲ್ಲ, ಕಪ್ಪೆ, ಮೀನುಮರಿಗಳಿಗೂ ಕೇಡು.

ನೆಡುವ ಕೆಲಸ ಬೇಗ ಮುಗಿಯುತ್ತದೆ. ಆರಿದ್ರೆ ಮಳೆ ಹೊಯ್ಯುವಾಗ, ಒಂದಡಿ ಉದ್ದ ಅಗಲ ಆಳದ ಗುಂಡಿ, ಗಿಡದಿಂದ ಗಿಡಕ್ಕೆ ನಾಲ್ಕೈದು ಅಡಿ. ಗುಂಡಿಗೆ ಅದೇ ಮಣ್ಣು, ಒಂದು ಬೊಗಸೆ ದರಕಿನ ಪುಡಿ, ಬೇರೇನೂ ಇಲ್ಲ. ಬುಡಕ್ಕೆ ಮೂರಿಂಚು ದರಕು ಹೊದಿಸಿ, ಕಾಂಡಕ್ಕೆ ತಾಗದ ಹಾಗೆ. ಪಕ್ಕಕ್ಕೊಂದು ಎದ್ದು ಕಾಣುವ ಗೂಟ ಹೊಡೆಯಿರಿ, ತುದಿಗೆ ಬಿಳಿ ಬಣ್ಣದ ಬದಲು ಕೆಂಪು ಪ್ಲಾಸ್ಟಿಕ್ ಪಟ್ಟಿ ಕಟ್ಟಿ. ಏಕೆಂದರೆ ಸುಣ್ಣ ಬಿಟ್ಟರೆ ನೆಟ್ಟ ನೆಕ್ಕರಿಕೆ ಹೆಚ್ಚಾಗಿ ಸಾಯುವುದು ರೋಗದಿಂದಲ್ಲ, ಕಳೆ ಕೊಚ್ಚುವ ಯಂತ್ರದಿಂದ. ಮೊದಲ ವರ್ಷದ ಗಿಡ ಹುಲ್ಲಿನೊಳಗೆ ಮುಳುಗಿರುತ್ತದೆ. ಯಂತ್ರ ಹಿಡಿದವರಿಗೆ ಅದು ಕಳೆಯೇ. ಗೂಟದ ಸುತ್ತ ಎರಡಡಿ ಜಾಗವನ್ನು ಕತ್ತಿಯಿಂದಲೇ ಸವರಿಸಬೇಕು. ಕಳೆನಾಶಕವಂತೂ ಆ ದಂಡೆಯ ಹತ್ತಿರ ಸುಳಿಯಬಾರದು.

ಎಲೆ ತಿಂದ ಗುರುತು ಕಂಡರೆ ಔಷಧಿಗೆ ಕೈ ಹಾಕಬೇಡಿ. ಎಲೆಯ ನಡುನರದ ಮೇಲೆ, ಎರಡೂ ಬದಿಗೆ ಗರಿಯಂತೆ ಮುಳ್ಳು ಚಾಚಿಕೊಂಡು ಚಪ್ಪಟೆಯಾಗಿ ಅಂಟಿ ಕೂತ ಹಸಿರು ಹುಳು ಇದ್ದರೆ ಅದು ಗ್ರೇ ಕೌಂಟ್ ಚಿಟ್ಟೆಯ ಮರಿ. ನೆಕ್ಕರಿಕೆ ಅದರ ಆಹಾರ ಸಸ್ಯಗಳಲ್ಲಿ ಒಂದು. ಎಲೆಯನ್ನು ಕೈಯಲ್ಲಿ ಮುಟ್ಟಿದರೂ ಅದು ಅಲುಗುವುದಿಲ್ಲ. ನಾಲ್ಕಾರು ಎಲೆ ಹೋದರೆ ಗಿಡಕ್ಕೇನೂ ಆಗದು.

ಕಡ್ಡಿಯ ಗಿಡ ಬೇಗ ಹೂವಿಗೆ ಬರುತ್ತದೆ, ಬೀಜದ ಗಿಡ ನೆಟ್ಟ ಮರುವರ್ಷ. ಹೂವು ಬೆಳಿಗ್ಗೆ ಅರಳಿದರೆ ಅದೇ ಸಂಜೆಗೆ ಅದರ ಆಯುಷ್ಯ ಮುಗಿಯಿತು. ನೋಡುವವರು ಬೆಳಿಗ್ಗೆ ಏಳೂವರೆಯಿಂದ ಹತ್ತರೊಳಗೆ, ಬಿಸಿಲು ಬಿದ್ದ ಬದಿಯಲ್ಲಿ ಕೂರಬೇಕು. ಈ ಹೂವಿನಲ್ಲಿ ಮಕರಂದ ಇಲ್ಲ. ಕೊಡುವುದು ಪರಾಗ ಒಂದೇ, ಅದನ್ನೂ ಸುಲಭಕ್ಕೆ ಕೊಡುವುದಿಲ್ಲ. ಪರಾಗಕೋಶ ಉದ್ದಕ್ಕೆ ಸೀಳುವುದಿಲ್ಲ. ತುದಿಯಲ್ಲಿ ಸೂಜಿಮೊನೆಯಷ್ಟು ರಂಧ್ರ ಮಾತ್ರ. ಕರಿದುಂಬಿ ಬಂದು ಕೇಸರಗಳನ್ನು ಅಪ್ಪಿ ಹಿಡಿದು ಮೈ ಬಾಗಿಸುತ್ತದೆ. ರೆಕ್ಕೆ ಬಡಿಯದೆಯೇ ರೆಕ್ಕೆಯ ಸ್ನಾಯುಗಳನ್ನು ಕಂಪಿಸುತ್ತದೆ. ಹಾರುವಾಗಿನ ದಪ್ಪ ಗುಂಯ್‌ಗುಡುವಿಕೆ ಆಗ ಏಕಾಏಕಿ ಕೀರಲು ಸ್ವರಕ್ಕೆ ಏರುತ್ತದೆ, ಒಂದೆರಡು ಕ್ಷಣ ಮಾತ್ರ. ಆ ಸ್ವರ ಕೇಳಿತೆಂದರೆ ಪರಾಗ ಚಿಮ್ಮಿತೆಂದೇ ಅರ್ಥ. ದುಂಬಿಯ ಗಮನವೆಲ್ಲ ಅರಿಶಿನ ಬಣ್ಣದ ಗಿಡ್ಡ ಕೇಸರಗಳ ಮೇಲೆ. ಅದು ಅದರ ಊಟ. ಅದೇ ಹೊತ್ತಿಗೆ ಉದ್ದನೆಯ ನೇರಳೆ ಕೇಸರಗಳು ಅದರ ಕಾಲಿಗೆ ಸುಲಭವಾಗಿ ಎಟುಕದ ಕಡೆ ಪರಾಗ ಉದುರಿಸುತ್ತವೆ. ಮುಂದಿನ ಹೂವಿನ ಶಲಾಕಾಗ್ರಕ್ಕೆ ತಾಗುವುದು ಆ ಪರಾಗ. ಒಂದೇ ಹೂವಿನ ಎರಡು ಬಗೆಯ ಕೇಸರ ಡಾರ್ವಿನ್‌ಗೂ ಒಗಟಾಗಿ ಕಾಡಿತ್ತು. ಊಟಕ್ಕೊಂದು, ಪರಾಗಸ್ಪರ್ಶಕ್ಕೊಂದು ಎಂಬ ಕೆಲಸ ಹಂಚಿಕೆಯ ವಿವರಣೆಯನ್ನು 19ನೆಯ ಶತಮಾನದಲ್ಲೇ ಜರ್ಮನಿಯ ಜೀವವಿಜ್ಞಾನಿ ಹರ್ಮನ್ ಮುಲ್ಲರ್ ಮುಂದಿಟ್ಟರು.

ಮಕ್ಕಳಿಗೆ ತೋರಿಸಬೇಕೆಂದರೆ ಶಾಲೆಯ ಶ್ರುತಿಕವೆಯನ್ನು (ಟ್ಯೂನಿಂಗ್ ಫೋರ್ಕ್) ರಬ್ಬರಿಗೆ ತಟ್ಟಿ, ಅದುರುತ್ತಿರುವಾಗಲೇ ಆಗತಾನೆ ಅರಳಿದ ಹೂವಿನ ಕೇಸರಕ್ಕೆ ತಾಗಿಸಿ, ಕೆಳಗೆ ಕರಿ ಕಾಗದ ಹಿಡಿಯಿರಿ. ರಂಧ್ರದಿಂದ ತೆಳು ಹುಡಿ ಹೊಗೆಯಂತೆ ಹಾರಿ ಕಾಗದದ ಮೇಲೆ ಕೂರುತ್ತದೆ. ಕೈಯಲ್ಲಿ ಎಷ್ಟು ಅಲುಗಿಸಿದರೂ ಬಾರದ ಪರಾಗ ಅದು.

ನೀಲಿಪಟ್ಟೆಯ ಜೇನ್ನೊಣಕ್ಕೂ ಈ ವಿದ್ಯೆ ಗೊತ್ತು. ಪೆಟ್ಟಿಗೆಯಲ್ಲಿ ಸಾಕುವ ತುಡುವೆಗೆ ಗೊತ್ತಿಲ್ಲ. ಅದು, ಮುಳ್ಳಿಲ್ಲದ ಪುಟ್ಟ ಜೇನು ಮಿಸರಿ ಕೂಡ, ದಳದ ಮೇಲೆ ಉದುರಿದ್ದನ್ನು ಆರಿಸಿಕೊಂಡು ಹೋಗುತ್ತವೆ. ಹಾಗಾಗಿ ಜೇನುಪೆಟ್ಟಿಗೆ ಪಕ್ಕದಲ್ಲಿಟ್ಟರೆ ನೆಕ್ಕರಿಕೆ ಕಾಯಿ ಕಟ್ಟುತ್ತದೆ ಎಂದುಕೊಳ್ಳಬೇಡಿ, ನೆಕ್ಕರಿಕೆಯಿಂದ ತುಪ್ಪ ಹೆಚ್ಚುತ್ತದೆ ಎಂದೂ ಅಲ್ಲ. ಲಾಭ ಬೇರೆ ಕಡೆ ಇದೆ. ಬದನೆ ಹೂವಿನ ಪರಾಗಕೋಶವೂ ತುದಿಯಲ್ಲಿ ರಂಧ್ರವಿರುವುದೇ, ಟೊಮೆಟೊಗೂ ಕಂಪನವೇ ಬೇಕು. ಹಿತ್ತಲಲ್ಲಿ ಬದನೆ ಹಾಕುವವರಿಗೆ ಕರಿದುಂಬಿ, ನೀಲಿಪಟ್ಟೆ ಎರಡೂ ಬೇಕಾದವು.

ಅವು ಬರಬೇಕಾದರೆ ಪರಾಗವೊಂದೇ ಸಾಲದು, ಮಕರಂದವೂ ಮನೆಯೂ ಬೇಕು. ಮಕರಂದಕ್ಕೆ ಅದೇ ಜೌಗಿನ ಅಂಚಿಗೆ ಕೊಳವಳಿಕೆ, ತುಸು ಒಣ ಬದುವಿಗೆ ತುಂಬೆ, ಗಿಲಿಗಿಲಿ ಗಿಡ ಬಿಡಿ. ಅಂಗಳದ ತುಳಸಿಯ ಹೂಗೊನೆಯನ್ನು ಎಲ್ಲ ಚಿವುಟಿ ಹಾಕದೆ ಒಂದಿಷ್ಟು ಉಳಿಸಿ, ನೀಲಿಪಟ್ಟೆಗೆ ಅದು ಬಹಳ ಇಷ್ಟ. ಕರಿದುಂಬಿ ಒಣ ಮರ, ಒಣ ಬಿದಿರಿನಲ್ಲಿ ಗೂಡು ಮಾಡುತ್ತದೆ. ಒಳತೂತು ಒಂದರಿಂದ ಎರಡು ಸೆಂಟಿಮೀಟರ್ ಇರುವ ಒಣ ಬಿದಿರನ್ನು ಒಂದು ತುದಿಗೆ ಗೆಣ್ಣು ಉಳಿಯುವಂತೆ ಎಂಟು ಹತ್ತು ಇಂಚಿಗೆ ಕತ್ತರಿಸಿ, ಹತ್ತಾರು ತುಂಡು ಒಟ್ಟಿಗೆ ಕಟ್ಟಿ, ಮಳೆ ಎರಚಲು ಬಾರದ ಮಾಡಿನ ಕೆಳಗೆ ಅಡ್ಡಲಾಗಿ ಬಿಗಿಯಿರಿ. ತೂಗಾಡಬಾರದು. ಬಣ್ಣ, ಗೆದ್ದಲೆಣ್ಣೆ ಏನೂ ಹಚ್ಚಬಾರದು. ನೀಲಿಪಟ್ಟೆ ಮಣ್ಣಿನಲ್ಲಿ ಬಿಲ ಕೊರೆಯುತ್ತದೆ: ಹಳೆಯ ಮಣ್ಣಿನ ಗೋಡೆ, ಮಾಡಿನ ಮರೆಯ ದರೆಯ ಒಣ ಮೈ. ಅಂಥ ಗೋಡೆಗೆ ಸಿಮೆಂಟ್ ಮೆತ್ತಿಬಿಟ್ಟರೆ ಹೂವು ಎಷ್ಟಿದ್ದರೂ ಅದು ಬರುವುದಿಲ್ಲ.

ಗಿಡ ಎರಡು ಮೂರು ವರ್ಷಕ್ಕೆ ಬುಡ ಬೋಳಾಗಿ ತುದಿಯಲ್ಲಷ್ಟೇ ಹೂ ಬಿಡತೊಡಗುತ್ತದೆ. ಮಳೆ ಶುರುವಾಗುವ ಮೊದಲು ಮೂರರಲ್ಲಿ ಒಂದು ಪಾಲಿನಷ್ಟು ಹಳೆ ಕವಲನ್ನು ಮೊಳದೆತ್ತರಕ್ಕೆ ಸವರಿ. ಹೊಸ ಚಿಗುರು ಬುಡದಿಂದ ಬರುತ್ತದೆ. ಇಡೀ ಸಾಲನ್ನು ಒಂದೇ ವರ್ಷ ಸವರಬೇಡಿ, ದುಂಬಿಗೆ ಆ ವರ್ಷ ಏನೂ ಇರುವುದಿಲ್ಲ. ಸವರಿದಾಗ ಸಿಗುವ ಎಳೆ ಕುಡಿ ತಂಬುಳಿಗೆ ಆಯಿತು: ಎಂಟು ಹತ್ತು ಕುಡಿ, ಸ್ವಲ್ಪ ಜೀರಿಗೆ, ನಾಲ್ಕು ಕಾಳುಮೆಣಸು ತುಪ್ಪದಲ್ಲಿ ಬಾಡಿಸಿ, ಕಾಯಿತುರಿಯೊಡನೆ ಬೀಸಿ, ಮಜ್ಜಿಗೆ ಬೆರೆಸುವುದು. ಮದ್ದು ಸಿಡಿದ ಗಿಡದ ಕುಡಿ ಬೇಡ. ಬಲಿತ ಎಲೆಯೂ ಬೇಡ, ಅಲ್ಯೂಮಿನಿಯಂ ಹೆಚ್ಚು ಸೇರುವುದು ಹಳೆಯ ಎಲೆಯಲ್ಲೇ.

ಕರಾವಳಿಯ ಮನೆಗಳಿಗೆ ಎರಡು ಮಾತು. ಗಜನಿಯ (ಹಿನ್ನೀರಿನ ಗದ್ದೆಯ) ಉಪ್ಪುನೀರು ಏರುವ ಅಂಚಿಗೆ ಇದನ್ನು ನೆಡಬೇಡಿ. ಕಡಲ ಹತ್ತಿರದ ಮರಳು ಹಿತ್ತಲಿನವರು ಹದಿನಾಲ್ಕು ಇಂಚಿನ ಪ್ಲಾಸ್ಟಿಕ್ ಕುಂಡ ಅಥವಾ ಹಳೆಯ ಬಕೆಟ್ ತೆಗೆದುಕೊಂಡು, ತೂತನ್ನು ತಳಕ್ಕೆ ಹಾಕದೆ ಪಕ್ಕಕ್ಕೆ, ತಳದಿಂದ ಮೂರಿಂಚು ಮೇಲೆ ನಾಲ್ಕು ಕಡೆ ಹಾಕಿ. ಒಳನಾಡಿನ ಕೆಮ್ಮಣ್ಣು ತುಂಬಿ. ತಳದ ಮೂರಿಂಚಿನಲ್ಲಿ ನೀರು ಸದಾ ನಿಂತಿರುತ್ತದೆ, ಮೇಲಿನ ಮಣ್ಣಿಗೆ ಗಾಳಿಯೂ ಸಿಗುತ್ತದೆ. ಕಡಲ ಗಾಳಿ ನೇರ ಹೊಡೆಯದ ಮನೆಯ ಪೂರ್ವ ಬದಿಗಿಡಿ, ಮಣ್ಣನ್ನು ಎರಡು ವರ್ಷಕ್ಕೊಮ್ಮೆ ಅರ್ಧ ಬದಲಿಸಿ.

ಮಲೆನಾಡಿನ ದಂಡೆಯಲ್ಲಿ ಸಾಲು ನಿಂತ ಮೇಲೆ ಬೀಜ ಬಿತ್ತುವ ಕೆಲಸವನ್ನು ಹಕ್ಕಿಗಳೇ ವಹಿಸಿಕೊಳ್ಳುತ್ತವೆ. ಬೇಲಿಯ ಬುಡ, ಕಾಲುವೆಯ ಕಲ್ಲಿನ ಸಂದಿ, ಪಾಚಿಗಟ್ಟಿದ ದರೆ ಎಲ್ಲೆಂದರಲ್ಲಿ ಸಸಿ ಏಳುತ್ತವೆ. ಹವಾಯಿ ದ್ವೀಪಗಳಲ್ಲಿ ಹೀಗೆಯೇ ಹರಡಿ ಅದು ಅಲ್ಲಿನ ದೊಡ್ಡ ಪೀಡೆಯಾಗಿದೆ. ಆದ್ದರಿಂದ ಬೀಜವನ್ನು ಹೊರದೇಶದ ನೆಂಟರಿಗೆ ಕಳಿಸಬೇಡಿ. ನಮ್ಮಲ್ಲಿ ಅದು ಹುಟ್ಟಿ ಬೆಳೆದ ನೆಲದಲ್ಲೇ ಇದೆ. ತೋಟದ ಒಳಗೆ ಎದ್ದ ಸಸಿಯನ್ನು ಮೂರು ನಾಲ್ಕು ಜೋಡಿ ಎಲೆ ಇರುವಾಗಲೇ, ಮಳೆ ಹಿಡಿದ ದಿನ, ಅಂಗೈಯಗಲ ಮಣ್ಣಿನ ಸಮೇತ ಎತ್ತಿ ದಂಡೆಗೆ ಕೂರಿಸಬಹುದು. ಗೇಣುದ್ದ ದಾಟಿದ ಮೇಲೆ ಎತ್ತಿದರೆ ಬದುಕುವುದು ಕಷ್ಟ.